ಮೌನಕ್ಕೆ ಎಷ್ಟು ಅಂಕ?

ಅಂತರಜಾಲದ ಭಾಷಾತರಗತಿಯಲ್ಲಿ ಮೌಖಿಕ ಪರೀಕ್ಷೆ. ಪರದೆಯಲ್ಲಿ ಅಧ್ಯಾಪಕರು, ಎದುರಿಗೆ ವಿದ್ಯಾರ್ಥಿ ಒಬ್ಬನೇ. ಪ್ರಶ್ನೆ ಬಂದಿತು, ಉತ್ತರವಿಲ್ಲ. ಸೊನ್ನೆ ಹಾಕಿಬಿಡಬಹುದೇ?

ಸಹಜ ಸಂಭಾಷಣೆಯಲ್ಲಿ ಪ್ರಶ್ನೆಗೆ ಮರುಮಾತು ತೊಡಗಲು ಸರಾಸರಿ ಸೆಕೆಂಡಿನ ಐದನೆಯ ಒಂದು ಪಾಲು ಸಾಕೆಂದು, 10 ಭಾಷೆಗಳನ್ನು ಪರಿಶೀಲಿಸಿದ 2009ರ ಅಧ್ಯಯನವೊಂದು ತಿಳಿಸಿತು. ಕಲಿಯುವವನಾದರೋ ಪದವನ್ನು ಹುಡುಕಬೇಕು, ವಿಭಕ್ತಿಯನ್ನು ಹಚ್ಚಬೇಕು. ಅಂಜಿಕೆಯೂ ಅದೇ ಮನಸ್ಸಿನಲ್ಲಿ ಪಾಲು ಕೇಳುತ್ತದೆ. ಸಾಲದ್ದಕ್ಕೆ ಜಾಲದಲ್ಲಿ ಧ್ವನಿ ಸಾಗಿಬರುವ ವಿಳಂಬ ಬೇರೆ!

ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಅಧ್ಯಾಪಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು 1 ಸೆಕೆಂಡು ಮಾತ್ರವೆಂದು ಮೇರಿ ಬಡ್ ರೋ 1974ರಲ್ಲಿ ವರದಿಮಾಡಿದರು. ಅದು 3ಕ್ಕೆ ಏರಿದಾಗ ಉತ್ತರಗಳು ದೀರ್ಘವಾದುವು, ನಿರುತ್ತರರು ಕಡಿಮೆಯಾದರು. ಪರದೆಯೆದುರು ಇನ್ನೂ ಹೆಚ್ಚು ಕಾಯುವುದು ಲೇಸು. ಆಮೇಲೂ ತೊದಲಿದರೆ ಪ್ರಶ್ನೆಯನ್ನು ಸರಳಗೊಳಿಸಿ, ಮೊದಲ ಪದವನ್ನು ಒದಗಿಸಿ, ಒದಗಿಸಿದುದನ್ನು ಅಂಕ ಕೊಡುವಾಗ ಲೆಕ್ಕಕ್ಕೆ ಹಿಡಿದರಾಯಿತು.