‘ಹುಚ್ಚುನಾಯಿ’ ಎಂಬ ಹೆಸರು ಮರೆಸುವ ರೋಗ: ಕಾಸರಗೋಡಿನ ಒಂದು ಮನೆಯಿಂದ

ಕನ್ನಡ ಎಂ.ಎ. ವಿದ್ಯಾರ್ಥಿ ನಾಯಿಯ ರೋಗದ ಬಗ್ಗೆ ಎಂತ ಹೇಳುವುದು ಅಂತ ನಿಮಗೆ ಅನಿಸಬಹುದು. ನಾನು ಮಾತಾಡುವುದು ಒಂದು ಶಬ್ದದ ಬಗ್ಗೆ. ಆ ಶಬ್ದವನ್ನು ನಂಬಿ ನಮ್ಮ ಮನೆಯಲ್ಲಿ ಒಬ್ಬರ ಜೀವ ಅಪಾಯಕ್ಕೆ ಸಿಕ್ಕಿತ್ತು.

ನಮ್ಮದು ಕಾಸರಗೋಡಿನ ಒಳಭಾಗದ ಹಳ್ಳಿ. ಕೆಲವು ವರ್ಷಗಳ ಹಿಂದೆ ಮನೆಯ ನಾಯಿ ಊಟ ಬಿಟ್ಟಿತು. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು, ಸ್ವರ ಒಡೆದಿತ್ತು. ಯಾರನ್ನೂ ಕಚ್ಚಲಿಲ್ಲ, ಹಟ್ಟಿಯ ಮೂಲೆಯಲ್ಲಿ ಮಲಗಿತ್ತು. “ಗಂಟಲಲ್ಲಿ ಎಲುಬು ಸಿಕ್ಕಿದ್ದು ಮಾರಾಯ” ಅಂತ ದೊಡ್ಡಪ್ಪ ಬಾಯೊಳಗೆ ಕೈಹಾಕಿ ನೋಡಿದರು. ಅಡಿಕೆ ಸುಲಿದ ಕೈ, ಬೆರಳ ತುಂಬ ಗೀರು. ನಾನು ಸಂಶಯಪಟ್ಟಾಗ ಅಜ್ಜಿ, “ಹುಚ್ಚು ಹಿಡಿದರೆ ಹೀಗೆ ಮಲಗ್ತದಾ? ಅಟ್ಟಿಸಿಕೊಂಡು ಬರ್ತದೆ” ಅಂದರು.

ಮೂರನೇ ದಿನ ನಾಯಿ ಸತ್ತಿತು. ಲಕ್ಷಣ ಕೇಳಿದ ಪಶುವೈದ್ಯರು ದೊಡ್ಡಪ್ಪನನ್ನು ಅಂದೇ ಆಸ್ಪತ್ರೆಗೆ ಓಡಿಸಿದರು. ಆಮೇಲೆ ನಾಯಿಯ ಮೆದುಳಿನ ಪರೀಕ್ಷೆಯಲ್ಲಿ ರೇಬೀಸ್ ಖಚಿತವಾಯಿತು. ಲಸಿಕೆ ಪೂರ್ತಿ ತೆಗೆದುಕೊಂಡ ದೊಡ್ಡಪ್ಪ ಇವತ್ತು ಚೆನ್ನಾಗಿದ್ದಾರೆ.

ರೇಬೀಸ್‌ಗೆ ಎರಡು ರೂಪ. ಒಂದರಲ್ಲಿ ನಾಯಿ ರೊಚ್ಚಿಗೆದ್ದು ಕಂಡದ್ದನ್ನೆಲ್ಲ ಕಚ್ಚುತ್ತದೆ. ಇನ್ನೊಂದು ಮೂಕ ರೂಪ: ದವಡೆ, ಗಂಟಲಿನ ಸ್ನಾಯುಗಳು ಸೋತು ನುಂಗಲಾಗುವುದಿಲ್ಲ, ಅದಕ್ಕೇ ಜೊಲ್ಲು. ಎಲುಬು ಸಿಕ್ಕಿದಂತೆಯೇ ಕಾಣುತ್ತದೆ. ಎರಡರಲ್ಲೂ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ನಮ್ಮ ‘ಹುಚ್ಚು’ ಎಂಬ ಶಬ್ದಕ್ಕೆ ಮೊದಲನೆಯದು ಮಾತ್ರ ಗೊತ್ತು. ತೆಲುಗಿನ ‘ಪಿಚ್ಚಿಕುಕ್ಕ’, ತಮಿಳಿನ ‘ವೆರಿನಾಯ್’, ಮರಾಠಿಯ ‘ಪಿಸಾಳಲೇಲಾ ಕುತ್ರಾ’ – ಗಡಿಯ ಯಾವ ಮಗ್ಗುಲಿಗೆ ಹೋದರೂ ಇದೇ ಕತೆ. ಮೇಲಾಗಿ ನಮ್ಮ ಹೆಸರಿನಲ್ಲಿ ‘ನಾಯಿ’ ಇದೆ, ಬೆಕ್ಕು ಇಲ್ಲ. ಬೆಕ್ಕಿಗೂ ರೇಬೀಸ್ ಬರುತ್ತದೆ, ಬೆಕ್ಕಿನಿಂದಲೂ ಬರುತ್ತದೆ. ಮಲಯಾಳಂನ ‘ಪೇವಿಷಬಾಧ’ ಎಂಬ ಹೆಸರು ಯಾವ ಪ್ರಾಣಿಯನ್ನೂ ಹೆಸರಿಸುವುದಿಲ್ಲ; ಅಷ್ಟರಮಟ್ಟಿಗೆ ಅದು ವಾಸಿ.

ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ, ತಡೆಯುವುದೊಂದೇ ದಾರಿ. ಮರಿಗೆ ಮೂರು ತಿಂಗಳಾದಾಗ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ; ನಾಯಿಗೂ ಬೆಕ್ಕಿಗೂ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು. ಕಚ್ಚಿದ ಪ್ರಾಣಿಯ ಮೇಲೆ 10 ದಿನ ಕಣ್ಣಿಡುವುದು ಸರಿ, ಆದರೆ ಅದಕ್ಕಾಗಿ ನಮ್ಮ ಲಸಿಕೆಯನ್ನು ಮುಂದೂಡಬಾರದು. ಬಾಯಿ ತೆರೆದು ಜೊಲ್ಲು ಸುರಿಸುವ ಪ್ರಾಣಿಯ ಬಾಯಿಗೆ ಬರಿಗೈ ಹಾಕಲೇಬಾರದು.

ಕ್ಷೇತ್ರಕಾರ್ಯಕ್ಕೆ ಹೋದಾಗ ನಾವು ರೋಗದ ಹೆಸರುಗಳನ್ನು ಬರೆದುಕೊಂಡು ಬರುತ್ತೇವೆ. ಇನ್ನು ಮೇಲೆ “ಅದು ಬಂದದ್ದು ಹೇಗೆ ಗೊತ್ತಾಗ್ತದೆ ಅಜ್ಜಿ?” ಅಂತಲೂ ಕೇಳೋಣ. ಹೆಸರಿಗೂ ಲಕ್ಷಣಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಅವರ ಮಾತಲ್ಲೇ ಇದನ್ನು ಹೇಳಿ ಬರೋಣ.