ಡಿಗ್ರಿಯ ಲೆಕ್ಕ, ತೋಟದ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರ ನೆಮ್ಮಾರ್ ಕಡೆಯ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಡಿಗ್ರಿ ಮಾಡಿ ಎಂತ ಸಿಗ್ತದೆ ಮಾರಾಯ್ರೆ?" ಕೇಳುವವರು ಲೆಕ್ಕ ಬಾರದವರಲ್ಲ. ಅಡಿಕೆ ಸಸಿ ನೆಟ್ಟರೆ ಮೊದಲ ಕೊನೆ ಕಾಣಲು ಐದಾರು ವರ್ಷ, ಪೂರ್ತಿ ಫಸಲಿಗೆ ಹತ್ತು ವರ್ಷ ಬೇಕೆಂದು ಅಜ್ಜನ ಕಾಲದಿಂದ ಬಲ್ಲವರು. ಮೂರನೇ ವರ್ಷಕ್ಕೆ ಸಸಿಯ ಬುಡದಲ್ಲಿ ನಿಂತು ನೀನೆಷ್ಟು ಕೊಟ್ಟೆ ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ಡಿಗ್ರಿಗೆ ಮಾತ್ರ ಆ ತಾಳ್ಮೆ ಯಾಕಿಲ್ಲ ಎಂದು ಬಹಳ ದಿನ ಯೋಚಿಸಿದ್ದೇನೆ. ಉತ್ತರ ಜಗಲಿಯ ಎದುರಿನ ತೋಟದಲ್ಲೇ ಇತ್ತು.

ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿ ತುಂಗೆಯ ಬದಿಯ ಊರು ನೆಮ್ಮಾರ್. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಸೋಗೆ ಹಳದಿಯಾಗುತ್ತದೆ, ಮರದ ತಲೆ ಕಿರಿದಾಗುತ್ತದೆ, ಕಾಯೊಳಗಿನ ಅಡಿಕೆ ಕಪ್ಪಾಗುತ್ತದೆ. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಎಲೆಚುಕ್ಕೆ ರೋಗ ಬೇರೆ. ತೋಟ ಕೈಹಿಡಿಯುತ್ತಿದ್ದ ಕಾಲದಲ್ಲಿ ಓದು ಮನೆಗೊಂದು ಶೋಭೆಯಾಗಿತ್ತು, ಈಗ ಅದೇ ಮನೆಯ ಮುಂದಿನ ಬೆಳೆ. ಬೆಳೆ ಎಂದ ಮೇಲೆ ಎಷ್ಟು ಹಾಕಿದೆವು, ಎಷ್ಟು ಬಂತು ಎಂದು ಕೇಳಲೇಬೇಕು. ಕೇಳುವುದರಲ್ಲಿ ತಪ್ಪಿಲ್ಲ. ನನ್ನ ತಕರಾರು ಲೆಕ್ಕ ಬರೆಯುವ ರೀತಿಯ ಬಗ್ಗೆ.

ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯ ಎಂದರೆ ಅಗ್ಗ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಲಕ್ಷಗಟ್ಟಲೆ ಸುರಿದವರ ಪಕ್ಕದಲ್ಲಿ ಬಿಎ, ಬಿಎಸ್ಸಿ, ಬಿಕಾಂ ಶುಲ್ಕ ಏನೂ ಅಲ್ಲ ಎನಿಸುತ್ತದೆ. ಆದರೆ ಓದನ್ನು ಹೂಡಿಕೆಯಾಗಿ ಅಳೆಯಲು ಕಲಿಸಿದವರಲ್ಲಿ ಮುಖ್ಯರಾದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್, 1964ರ ತಮ್ಮ 'ಹ್ಯೂಮನ್ ಕ್ಯಾಪಿಟಲ್' ಪುಸ್ತಕದಲ್ಲಿ ಬೇರೊಂದು ಖರ್ಚನ್ನೂ ಸೇರಿಸಿದರು: ಓದುವ ವರ್ಷಗಳಲ್ಲಿ ದುಡಿಯದೆ ಬಿಟ್ಟ ಸಂಪಾದನೆ. ನಮ್ಮ ಬಡ ಮನೆಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಕೊನೆಕೊಯ್ಲಿನ ದಿನ ಮನೆಯಲ್ಲಿ ಒಂದು ಆಳು ಕಡಿಮೆಯಾದಾಗ ಅವರಿಗೇ ಗೊತ್ತಾಗುತ್ತದೆ.

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಪಿಯುಸಿ ಮುಗಿಸಿದ ಹುಡುಗ ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ 20 ದಿನ ತೋಟದ ಕೆಲಸಕ್ಕೆ ಹೋದರೆ ವರ್ಷಕ್ಕೆ 1,20,000. ಡಿಗ್ರಿಗೆ ಹೋದರೆ ಮೂರು ವರ್ಷದಲ್ಲಿ ಬಿಟ್ಟುಕೊಡುವುದು 3,60,000. ಶುಲ್ಕ, ಪುಸ್ತಕ, ಬಸ್ಸು ಎಲ್ಲ ಸೇರಿ ವರ್ಷಕ್ಕೆ 25,000 ಹಿಡಿದರೆ ಇನ್ನೊಂದು 75,000. ಒಟ್ಟು 4,35,000. ಇದರಲ್ಲಿ ಕೈಯಿಂದ ಕೊಟ್ಟದ್ದು ಆರರಲ್ಲೊಂದು ಪಾಲಿನಷ್ಟು, ಉಳಿದದ್ದೆಲ್ಲ ಹುಡುಗನ ಕಾಲ.

ಈಗ ಅವನಿಗೆ ತಿಂಗಳಿಗೆ 20,000 ಸಂಬಳದ ಕೆಲಸ ಸಿಕ್ಕಿತು ಎನ್ನಿ. ಕೆಲಸ ಕೊಪ್ಪದಲ್ಲೋ ಶೃಂಗೇರಿಯಲ್ಲೋ ಆಗಿ ಮನೆಯಿಂದಲೇ ಹೋಗಿಬರುವಂತಿದ್ದರೆ ಕೂಲಿಗಿಂತ ತಿಂಗಳಿಗೆ ಹತ್ತು ಸಾವಿರ ಹೆಚ್ಚು, ಹಾಕಿದ ದುಡ್ಡು ನಲವತ್ತನಾಲ್ಕು ತಿಂಗಳಲ್ಲಿ ವಾಪಸು. ಇಷ್ಟು ಬೇಗ ಅಡಿಕೆಯೂ ಕೊಡುವುದಿಲ್ಲ. ಅದೇ ಸಂಬಳ ಬೆಂಗಳೂರಿನಲ್ಲಾದರೆ ಪಿಜಿಯ ಮಂಚ, ಊಟ, ಓಡಾಟ ಎಂದು ಹತ್ತು ಸಾವಿರ ಹೋಗಿ ಉಳಿಯುವುದು ಊರಿನ ಕೂಲಿಯಷ್ಟೇ. ಸಂಬಳ ಏರುವ ತನಕ ಒಂದು ರೂಪಾಯಿಯೂ ಮರಳುವುದಿಲ್ಲ. ಏರುತ್ತದೆ ಎಂಬ ಭರವಸೆಯ ಮೇಲೆಯೇ ಮನೆ ನಿಂತಿರುತ್ತದೆ. ನಲವತ್ತೈದನೇ ವಯಸ್ಸಿನಲ್ಲಿ ಮರ ಹತ್ತುವವನ ಮೊಣಕಾಲು ಏನು ಹೇಳುತ್ತದೆ ಎಂದು ನೋಡಿದವರಿಗೆ ಆ ಭರವಸೆ ಸುಳ್ಳೆನಿಸುವುದಿಲ್ಲ.

ಹೀಗೆ ಒಂದೇ ಡಿಗ್ರಿ, ಒಂದೇ ಅಂಕಪಟ್ಟಿ, ಎರಡು ಊರಿನಲ್ಲಿ ಎರಡು ಬೆಲೆ. ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಧಾರಣೆ ಇರುವಾಗ ಎಲ್ಲ ಸೇರಿಸಿ ಸರಾಸರಿ ಹೇಳಿದರೆ ಬೆಳೆಗಾರ ಒಪ್ಪುವುದಿಲ್ಲ. ಶಿಕ್ಷಣದ ಲಾಭದ ಬಗ್ಗೆ ಮಾತ್ರ ನಾವು ಸರಾಸರಿಯನ್ನೇ ನಂಬಿ ಕೂತಿದ್ದೇವೆ. ಒಂದು ವರ್ಷ ಹೆಚ್ಚು ಓದಿದರೆ ಗಳಿಕೆ ಸುಮಾರು ಶೇ 9ರಷ್ಟು ಏರುತ್ತದೆ, ಹೆಣ್ಣುಮಕ್ಕಳಲ್ಲಿ ಇನ್ನೂ ತುಸು ಹೆಚ್ಚು ಎಂದು ಅರ್ಥಶಾಸ್ತ್ರಜ್ಞರಾದ ಸಾಕರೊಪೌಲೊಸ್ ಮತ್ತು ಪಟ್ರಿನೊಸ್ ಹಲವು ದೇಶಗಳ ಅಂಕಿಅಂಶ ಒಟ್ಟುಮಾಡಿ 2018ರಲ್ಲಿ ಹೇಳಿದರು. ಇನ್ನೊಂದು ಕಡೆ ನಮ್ಮ ಕೇಂದ್ರ ಸರ್ಕಾರದ 2022-23ರ ಕಾರ್ಮಿಕ ಸಮೀಕ್ಷೆಯಲ್ಲಿ ದೇಶದ ನಿರುದ್ಯೋಗ ಶೇ 3.2 ಇದ್ದಾಗ ಪದವೀಧರರಲ್ಲಿ ಅದು ಶೇ 13ರ ಮೇಲಿತ್ತು. ಎರಡೂ ನಿಜವೇ. ಕೆಲಸ ಸಿಕ್ಕ ಪದವೀಧರನಿಗೆ ಲಾಭವಿದೆ, ಸಿಗುವ ತನಕ ಕಾಯುವುದು ದುಬಾರಿ. ಕಾಯುವ ಶಕ್ತಿ ಯಾವ ಮನೆಗಿದೆಯೋ ಲಾಭವೂ ಅವರ ಪಾಲಿಗೆ.

ಆದ್ದರಿಂದಲೇ ಸರ್ಕಾರಿ ಶಿಕ್ಷಣದಲ್ಲಿ ಎಲ್ಲಕ್ಕಿಂತ ದೊಡ್ಡ ಶುಲ್ಕ ಯಾವುದೆಂದು ಕೇಳಿದರೆ ತಡ ಎನ್ನುತ್ತೇನೆ. ಮೇಲಿನ ಲೆಕ್ಕದಲ್ಲಿ ಒಂದು ವರ್ಷ ವ್ಯರ್ಥವಾದರೆ ಕಳೆಯುವುದು 1,20,000, ಅಂದರೆ ಮೂರು ವರ್ಷದ ಶುಲ್ಕ, ಪುಸ್ತಕ, ಬಸ್ಸು ಮೂರನ್ನೂ ಸೇರಿಸಿದ್ದಕ್ಕಿಂತ ಹೆಚ್ಚು. ಪರೀಕ್ಷೆ ಮುಂದಕ್ಕೆ ಹೋಯಿತು, ಫಲಿತಾಂಶ ಬರಲಿಲ್ಲ, ಅಂಕಪಟ್ಟಿ ಕೈಸೇರುವಷ್ಟರಲ್ಲಿ ಬಿಎಡ್ ಅರ್ಜಿಯ ದಿನಾಂಕ ಮುಗಿಯಿತು ಎಂಬ ಸಂಗತಿ ಕಚೇರಿಯ ಕಡತದಲ್ಲಿ ಒಂದು ಸಾಲು, ನೆಮ್ಮಾರಿನ ಮನೆಯಲ್ಲಿ ಒಂದು ವರ್ಷದ ದುಡಿಮೆ. ರಾಜ್ಯದಲ್ಲಿ 2021ರಿಂದ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಆ ಚರ್ಚೆಯಲ್ಲಿ ಪಠ್ಯ, ಕ್ರೆಡಿಟ್, ನೀತಿ ಎಲ್ಲ ಬಂದವು. ಇನ್ನೊಂದು ವರ್ಷಕ್ಕೆ ಕೂಲಿಯ ಮನೆಯೊಂದು ಎಷ್ಟು ತೆರುತ್ತದೆ ಎಂಬ ಮಾತಿಗೂ ಅಲ್ಲಿ ಜಾಗ ಬೇಕಿತ್ತು. ಕಾಯುವ ಪಾಡು ಕಲಿಸುವವರನ್ನೂ ಬಿಟ್ಟಿಲ್ಲ: ಪದವಿ ಕಾಲೇಜುಗಳ ಪಾಠದ ದೊಡ್ಡ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಎಂಎ ಮಾಡಿ, ಪಿಎಚ್‌ಡಿಯನ್ನೂ ಮಾಡಿ, ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕುವ ಮೇಷ್ಟ್ರನ್ನು ಎದುರಿಗೆ ಕಂಡ ವಿದ್ಯಾರ್ಥಿ ಓದಿನ ಲಾಭದ ಬಗ್ಗೆ ಏನು ತೀರ್ಮಾನಕ್ಕೆ ಬರಬೇಕು?

ಸರ್ಕಾರವೇ ಡಿಗ್ರಿಗೆ ಒಂದು ಬೆಲೆ ಕಟ್ಟಿದ್ದೂ ನಮ್ಮ ಪಕ್ಕದ ಜಿಲ್ಲೆಯಲ್ಲೇ. ಶಿವಮೊಗ್ಗದಲ್ಲಿ 2024ರ ಜನವರಿ 12ರಂದು ಚಾಲನೆ ಪಡೆದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವನಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಬೇಡವೆನ್ನಲಾರೆ. ಕಾಯುವ ಮನೆಗೆ ಅದು ಅಕ್ಕಿ, ಬೇಳೆ, ಬಸ್ ಚಾರ್ಜು.

ಬಸ್ಸಿನ ಮಾತು ಬಂತು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಡಿಗ್ರಿಯ ಲಾಭನಷ್ಟ ಬರೆಯುವವರು ಕೊಪ್ಪದ ಸಹಕಾರ ಸಾರಿಗೆಯನ್ನು ಮರೆಯಬಾರದು. ಖಾಸಗಿ ಬಸ್ ಕಂಪನಿಯೊಂದರ ಕೆಲಸ ಕಳೆದುಕೊಂಡ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಘಟ್ಟದ ಮೂಲೆಮೂಲೆಗೆ ಬಸ್ಸು ಬಿಟ್ಟು, ರಿಯಾಯಿತಿ ಪಾಸಿನಲ್ಲಿ ಮಕ್ಕಳನ್ನು ಕಾಲೇಜಿಗೆ ಮುಟ್ಟಿಸಿತು. ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಓಡಾಟ ನಿಲ್ಲಿಸಿತು. ಅದರ ಬ್ಯಾಲೆನ್ಸ್ ಶೀಟಿನಲ್ಲಿ ಆ ಪಾಸು ನಷ್ಟದ ಕಡೆ ಬಿದ್ದಿರಬೇಕು. ಆ ಪಾಸಿನಿಂದ ಓದಿದ ಹುಡುಗಿಯರ ಸಂಬಳ ಯಾರ ಪುಸ್ತಕದಲ್ಲೂ ಲಾಭವಾಗಿ ಬರೆದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಟ್ಟಿತು, ಆದರೆ ಅದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ಮಲೆನಾಡಿನ ಹುಡುಗಿಗೆ ಆ ಲಾಭ ದೂರದ ಪೇಟೆಯಲ್ಲೇ ನಿಂತಿತು.

ಬರೆಯದೆ ಉಳಿದ ಲಾಭದ ಇನ್ನೊಂದು ಕಥೆ ಇದಕ್ಕಿಂತ ಹಳೆಯದು. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ಯುವಕ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟ್ಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಇದ್ದ ಉಪಾಯ ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುವುದು. ಕೋಲ್ಮನ್ ರೋಗದ ಮೂಲವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಕ್ಕೆ ತಂದರು. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಹುಟ್ಟಿದ್ದೂ ಅವರಿಂದ. ಕೋಲ್ಮನ್‌ಗೆ ಸಂದದ್ದು ಸಂಬಳ. ಅವರ ಓದಿಗೆ ದುಡ್ಡು ಹಾಕಿದ್ದು ದೂರದ ಎರಡು ದೇಶಗಳ ತೆರಿಗೆದಾರರು. ಇಂದಿಗೂ ಜೂನ್ ತಿಂಗಳಲ್ಲಿ ನೆಮ್ಮಾರಿನ ತೋಟದಲ್ಲಿ ಔಷಧಿ ಹೊಡೆದು ಉಳಿಸಿಕೊಂಡ ಪ್ರತಿ ಕೊನೆಯಲ್ಲೂ ಆ ಓದಿನ ಪಾಲಿದೆ. ಕೋಲ್ಮನ್ ಒಬ್ಬರ ಸಂಬಳವನ್ನು ಮಾತ್ರ ಎಣಿಸಿದವನಿಗೆ ಈ ನೂರು ವರ್ಷದ ಆದಾಯ ಕಾಣುವುದೇ ಇಲ್ಲ.

ಹಳದಿ ಎಲೆ ರೋಗಕ್ಕೆ ಅಂಥ ಮದ್ದು ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಅದು ಬಹುಶಃ ಯಾವುದೋ ಸರ್ಕಾರಿ ವಿಶ್ವವಿದ್ಯಾಲಯದ, ಸಂಬಳವಾಗಲಿ ಸಂಶೋಧನಾ ಅನುದಾನವಾಗಲಿ ಸಮಯಕ್ಕೆ ಬಂದಿರುವ ಒಬ್ಬ ಯುವ ವಿಜ್ಞಾನಿಯ ಕೈಯಿಂದ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇರುವುದು ಇದಕ್ಕೇ. ತೋಟ ಹೋಗುತ್ತಿದೆಯೆಂದು ಮಕ್ಕಳನ್ನು ಓದಿಗೆ ಕಳಿಸುವ ನಾವು, ತೋಟ ಉಳಿಸುವ ಓದಿಗೆ ಸರ್ಕಾರ ಎಷ್ಟು ಕೊಟ್ಟಿತು ಎಂದು ಗ್ರಾಮಸಭೆಯಲ್ಲಾದರೂ ಕೇಳಿದ್ದೇವೆಯೇ?

ನಮ್ಮ ಸುತ್ತ ಸಾರ್ವಜನಿಕ ಓದಿಗೆ ಬರವಿಲ್ಲ. ಶೃಂಗೇರಿ ಬಳಿಯ ಮೆಣಸೆಯಲ್ಲಿ 1992ರಿಂದ ಸಂಸ್ಕೃತ ಸಂಸ್ಥಾನದ ಆವರಣವಿದೆ, 2020ರಿಂದ ಅದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಭಾಗ. ಶಂಕರಘಟ್ಟದಲ್ಲಿ 1987ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಹೊತ್ತಿರುವ ಹೆಸರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರದು. ಮಹಾರಾಜರ ಸರ್ಕಾರದ ದುಡ್ಡಿನಲ್ಲಿ ನಡೆದ ಕಾಲೇಜಿನಲ್ಲಿ ಓದಿ, ಆ ಕಾಲೇಜು ಸೇರಿದ್ದ ಮೈಸೂರು ವಿಶ್ವವಿದ್ಯಾಲಯಕ್ಕೇ 1956ರಲ್ಲಿ ಕುಲಪತಿಯಾದವರು ಅವರು.

ಬರವಿರುವುದು ಸರಿಯಾದ ಪ್ರಶ್ನೆಗಳಿಗೆ. ಈ ವರ್ಷ ಪ್ರವೇಶದ ಅರ್ಜಿ ಹಿಡಿದು ಕಾಲೇಜಿಗೆ ಹೋಗುವ ಅಪ್ಪ ಅಮ್ಮಂದಿರು ಶುಲ್ಕ ಎಷ್ಟು ಎಂದು ಕೇಳಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಕೊನೆಯ ಸೆಮಿಸ್ಟರಿನ ಫಲಿತಾಂಶ ಕಳೆದ ಮೂರು ವರ್ಷ ಯಾವ ತಿಂಗಳಲ್ಲಿ ಬಂತು ಎಂದು ಕೇಳಿ. ಮಗಳು ಆರಿಸಿದ ವಿಷಯಕ್ಕೆ ಜುಲೈನಲ್ಲೇ ಮೇಷ್ಟ್ರು ಇರುತ್ತಾರೋ, ದಸರಾ ಕಳೆದ ಮೇಲೆ ಬರುತ್ತಾರೋ ಕೇಳಿ. ಹೋದ ಸಲ ಮುಗಿಸಿದ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಹೆಸರು ಹಿಡಿದು ಕೇಳಿ. ಉತ್ತರವನ್ನು ಅಡಿಕೆ ಧಾರಣೆ ಬರೆದಿಡುವ ಅದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.