ಎಲಿಜಬೆತ್ ರಾಬಿನ್ಸ್

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ನಾಟಕಮಂದಿರಗಳು ಬಹುಮಟ್ಟಿಗೆ ನಟರೂ ಆಗಿದ್ದ ಒಡೆಯರ ಕೈಯಲ್ಲಿದ್ದವು. ಯಾವ ನಾಟಕವನ್ನು ಆಡಬೇಕು, ಯಾರಿಗೆ ಯಾವ ಪಾತ್ರವೆಂಬುದನ್ನು ಅವರೇ ನಿರ್ಧರಿಸುತ್ತಿದ್ದರು. ಹಿರಿಯ ಪಾತ್ರವು ಸಾಮಾನ್ಯವಾಗಿ ಒಡೆಯನದೇ. ನಾಯಿಕೆ ಅವನ ಹಿರಿಮೆಗೊಂದು ಅಲಂಕಾರ. ಹೀಗಿರುವಾಗ ನಾರ್ವೆ ದೇಶದ ಇಬ್ಸೆನ್ ಬರೆದ 'ಹೆಡ್ಡಾ ಗ್ಯಾಬ್ಲರ್' ಎಂಬ ನಾಟಕವನ್ನು ಆಡಲು ಯಾರು ತಾನೇ ಮುಂದೆ ಬಂದಾರು? ಅದರಲ್ಲಿ ಕೇಂದ್ರವೇ ಒಬ್ಬ ಹೆಂಗಸು! ಕಡೆಗೆ ಎಲಿಜಬೆತ್ ರಾಬಿನ್ಸ್ ಮತ್ತು ಮೇರಿಯನ್ ಲೀ ಎಂಬ ಇಬ್ಬರು ನಟಿಯರು ತಾವೇ ಹಣ ಹೊಂದಿಸಿ, 1891ರ ಏಪ್ರಿಲ್ ತಿಂಗಳಲ್ಲಿ ಅದನ್ನು ರಂಗಕ್ಕೆ ತಂದರು. ಹೆಡ್ಡಾಳ ಪಾತ್ರದಿಂದ ಎಲಿಜಬೆತ್ತಳ ಕೀರ್ತಿ ಹಬ್ಬಿತು.

ಈಕೆ ಹುಟ್ಟಿದ್ದು 1862ರಲ್ಲಿ, ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ. ಬೆಳೆದದ್ದು ಅಜ್ಜಿಯ ಆಶ್ರಯದಲ್ಲಿ. ಮಗಳು ವೈದ್ಯೆಯಾಗಬೇಕೆಂಬುದು ತಂದೆಯ ಬಯಕೆಯಾಗಿತ್ತು. ಅವಳ ಮನಸ್ಸು ಮಾತ್ರ ರಂಗಭೂಮಿಯಲ್ಲಿ ನೆಟ್ಟಿತ್ತು. ನಟನೊಬ್ಬನನ್ನು ಮದುವೆಯಾದಳು, ಆದರೆ 1887ರಲ್ಲಿ ಅವನು ನದಿಗೆ ಹಾರಿ ಪ್ರಾಣ ನೀಗಿದನು. ಮರುವರ್ಷ ಆಕೆ ಲಂಡನ್ನಿಗೆ ಬಂದು ಅಲ್ಲಿಯೇ ನೆಲೆಸಿದಳು.

ನಟಿಸುತ್ತಿದ್ದಾಗಲೇ ಆಕೆ ಕಾದಂಬರಿಗಳನ್ನೂ ಬರೆಯತೊಡಗಿದ್ದಳು. ಅವು ಪ್ರಕಟವಾದುದು ಸಿ. ಇ. ರೇಮಂಡ್ ಎಂಬ ಹೆಸರಿನಲ್ಲಿ. ಬರೆದವರು ಗಂಡಸೋ ಹೆಂಗಸೋ ಎಂಬುದು ಆ ಹೆಸರಿನಿಂದ ತಿಳಿಯುತ್ತಿರಲಿಲ್ಲ. 1900ರಲ್ಲಿ ತಮ್ಮನಾದ ರೇಮಂಡನನ್ನು ಅರಸಿಕೊಂಡು ಅಲಾಸ್ಕದ ಚಿನ್ನದ ಗಣಿಗಳ ನಾಡಿಗೆ ಹೋದಳು. ಆ ಪಯಣದ ಫಲವೇ 1904ರಲ್ಲಿ ಹೊರಬಂದ 'ದಿ ಮ್ಯಾಗ್ನೆಟಿಕ್ ನಾರ್ತ್' ಕಾದಂಬರಿ. ಅಷ್ಟರಲ್ಲಿ ಆಕೆ ರಂಗಭೂಮಿಯಿಂದ ನಿವೃತ್ತಳಾಗಿದ್ದಳು.

ಆಗ ಬ್ರಿಟನ್ನಿನ ಹೆಂಗಸರಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ನೀಡುವ ಹಕ್ಕಿರಲಿಲ್ಲ. ಅದಕ್ಕಾಗಿ ನಡೆಯುತ್ತಿದ್ದ ಚಳವಳಿಯಲ್ಲಿ ಎಲಿಜಬೆತ್ತಳಿಗೂ ಮೊದಲು ಒಲವಿರಲಿಲ್ಲವೆಂದರೆ ಆಶ್ಚರ್ಯವಾದೀತು. ಟ್ರಫಾಲ್ಗರ್ ಚೌಕದ ಬಯಲು ಸಭೆಯೊಂದರಲ್ಲಿ ಹೆಂಗಸರು ಜನರ ಮೂದಲಿಕೆಗಳ ನಡುವೆ ನಿಂತು ಮಾತನಾಡಿದ್ದನ್ನು ಕೇಳಿದ ಮೇಲೆ ಆಕೆಯ ಮನಸ್ಸು ತಿರುಗಿತು. 1907ರಲ್ಲಿ ಕೋರ್ಟ್ ಥಿಯೇಟರಿನಲ್ಲಿ ಪ್ರಯೋಗಗೊಂಡ ಆಕೆಯ 'ವೋಟ್ಸ್ ಫಾರ್ ವಿಮೆನ್' ನಾಟಕದ ಎರಡನೆಯ ಅಂಕದಲ್ಲಿ ಅಂತಹುದೇ ಸಭೆ ನಡೆಯುತ್ತದೆ. ಭಾಷಣ, ಅಡ್ಡಪ್ರಶ್ನೆ, ನಗೆ, ಕೂಗಾಟಗಳೆಲ್ಲ ರಂಗದ ಮೇಲೆಯೇ! ಹರಟೆಯ ಕೋಣೆಗಳನ್ನೇ ನೋಡಿ ಅಭ್ಯಾಸವಾಗಿದ್ದ ಪ್ರೇಕ್ಷಕರಿಗೆ ಇದು ಹೊಸ ಅನುಭವವಾಗಿತ್ತು. ಅದೇ ಕಥೆಯನ್ನು ಅದೇ ವರ್ಷ 'ದಿ ಕನ್ವರ್ಟ್' ಎಂಬ ಕಾದಂಬರಿಯಾಗಿಯೂ ಬರೆದಳು.

1908ರಲ್ಲಿ ಬರಹಗಾರ್ತಿಯರು ಮತದ ಹಕ್ಕಿಗಾಗಿ ಸಂಘವೊಂದನ್ನು ಕಟ್ಟಿದಾಗ ಆಕೆಯೇ ಅದರ ಮೊದಲ ಅಧ್ಯಕ್ಷೆಯಾದಳು. ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್‌ರ ಸಂಘಟನೆಯ ಸಮಿತಿಯಲ್ಲಿಯೂ ಇದ್ದಳು. ಆದರೆ 1912ರಲ್ಲಿ ಅದರಿಂದ ಹೊರಬಂದಳು. ಚಳವಳಿಯ ಗುರಿಯನ್ನು ಮಾತ್ರ ಬಿಡಲಿಲ್ಲ. 1918ರಲ್ಲಿ ಮೂವತ್ತು ವರ್ಷ ದಾಟಿದ, ಆಸ್ತಿಯ ಅರ್ಹತೆಯುಳ್ಳ ಹೆಂಗಸರಿಗೆ ಮತದ ಹಕ್ಕು ದೊರೆಯಿತು. ಗಂಡಸರಂತೆ ಇಪ್ಪತ್ತೊಂದನೆಯ ವಯಸ್ಸಿಗೇ ಅದು ಸಿಗಲು 1928ರವರೆಗೆ ಕಾಯಬೇಕಾಯಿತು.

ಸಸೆಕ್ಸಿನ ಹೆನ್‌ಫೀಲ್ಡ್ ಊರಿನಲ್ಲಿ ಆಕೆಗೊಂದು ಹಳೆಯ ತೋಟದ ಮನೆಯಿತ್ತು. ಸೆರೆಮನೆಯಲ್ಲಿ ಉಪವಾಸ ಮಾಡಿ ಬಡಕಲಾಗಿ ಹೊರಬಂದ ಹೋರಾಟಗಾರ್ತಿಯರು ಅಲ್ಲಿ ತಂಗಿ ಚೇತರಿಸಿಕೊಳ್ಳುತ್ತಿದ್ದರು. ಮುಂದೆ ಗೆಳತಿಯಾದ ವೈದ್ಯೆ ಆಕ್ಟೇವಿಯ ವಿಲ್ಬರ್‌ಫೋರ್ಸಳ ನೆರವಿನಿಂದ ಆ ಮನೆ ದುಡಿದು ದಣಿದ ಹೆಂಗಸರ ವಿಶ್ರಾಂತಿಧಾಮವಾಯಿತು. 1952ರಲ್ಲಿ ಎಲಿಜಬೆತ್ ತೀರಿಕೊಂಡ ಬಳಿಕವೂ ಅದು ಅನೇಕ ವರ್ಷ ನಡೆಯಿತು.